ಹೊಗೆಯನ್ನು ಹೊತ್ತೊಯ್ದ ಟ್ಯಾಂಕ್ ವ್ಯಾಗನ್

ನಮ್ಮ ಮನೆಯ ಶೋಕೇಸಿನಲ್ಲಿ, ಯಕ್ಷಗಾನದ ಕಿರೀಟ ಮತ್ತು ಮಗಳ ಶಾಲೆಯ ಕಪ್‌ಗಳ ನಡುವೆ, ಕಪ್ಪು ಬಣ್ಣದ ಒಂದು ಪುಟ್ಟ ರೈಲ್ವೆ ಟ್ಯಾಂಕ್ ವ್ಯಾಗನ್ ಇದೆ. ಉದ್ದ ಬರೀ ಹನ್ನೆರಡು ಸೆಂಟಿಮೀಟರ್. ಎಚ್‌ಓ ಅಳತೆ, ಅಂದರೆ ಅಸಲಿ ಗಾಡಿಯ 87ರಲ್ಲಿ ಒಂದು ಪಾಲು. ಮನೆಗೆ ಬಂದವರೆಲ್ಲ "ಇದೇನು ಪೆಟ್ರೋಲ್ ಟ್ಯಾಂಕರಾ?" ಅಂತ ಕೇಳುತ್ತಾರೆ. ಅಲ್ಲ ಮಾರಾಯ್ರೆ, ಇದು ಆಸಿಡ್ ಸಾಗಿಸುವ ವ್ಯಾಗನ್. ಪಕ್ಕದಲ್ಲಿ ಏನೂ ಬರೆಯದಿದ್ದರೂ ಅದನ್ನು ಕಂಡುಹಿಡಿಯಬಹುದು. ಮಾದರಿ ರೈಲು ಕಟ್ಟುವವರಲ್ಲಿ ಸ್ವಲ್ಪ ಹುಚ್ಚು ಹೆಚ್ಚಿದ್ದವರು ದೂರದಿಂದಲೇ ಹೇಳಿಬಿಡುತ್ತಾರೆ.

ಮೊದಲನೆಯದು, ಇದು ಗಿಡ್ಡ. ಇದೇ ಅಳತೆಯ ಎಣ್ಣೆ ವ್ಯಾಗನ್ ಪಕ್ಕದಲ್ಲಿಟ್ಟರೆ ಇದು ಉಪವಾಸ ಬಿದ್ದಂತೆ ಕಾಣುತ್ತದೆ. ಕಾರಣ ಶುದ್ಧ ಲೆಕ್ಕಾಚಾರ. ನಾನು ಬಿ.ಕಾಂ. ಓದಿದವನು, ರಸಾಯನಶಾಸ್ತ್ರ ನನ್ನ ಕ್ಷೇತ್ರವಲ್ಲ, ಆದರೆ ತೂಕ ಮತ್ತು ಬಾಡಿಗೆಯ ಲೆಕ್ಕ ಅರ್ಥವಾಗುತ್ತದೆ. ಶಾಲೆಯಲ್ಲಿ ನಾವು ಗಂಧಕಾಮ್ಲ ಅಂತ ಓದಿದ ಸಲ್ಫ್ಯೂರಿಕ್ ಆಸಿಡ್ ಒಂದು ಲೀಟರಿಗೆ ಸುಮಾರು 1.84 ಕಿಲೋ ತೂಗುತ್ತದೆ. ಪೆಟ್ರೋಲು ಮುಕ್ಕಾಲು ಕಿಲೋ ಕೂಡ ಸರಿಯಾಗಿ ತೂಗುವುದಿಲ್ಲ. 30,000 ಲೀಟರ್ ಹಿಡಿಯುವ ಒಂದು ಟ್ಯಾಂಕಿಗೆ ಪೆಟ್ರೋಲು ತುಂಬಿದರೆ 22 ಟನ್, ಗಂಧಕಾಮ್ಲ ತುಂಬಿದರೆ 55 ಟನ್. ಗಾಲಿ, ಅಚ್ಚು, ಹಳಿ ತಡೆಯುವುದು ತೂಕವನ್ನು. ಹಾಗಾಗಿ ಆಸಿಡ್ ಗಾಡಿಗೆ ಹೊಟ್ಟೆ ಚಿಕ್ಕದಾಗಿಯೇ ಇರಬೇಕು.

ಇನ್ನು ವ್ಯಾಗನ್ನನ್ನು ತಿರುಗಿಸಿ ಹೊಟ್ಟೆ ನೋಡಿ. ಎಣ್ಣೆಯ ಗಾಡಿಗೆ ಕೆಳಗೆ ನಲ್ಲಿ ಇರುತ್ತದೆ, ತಿರುಗಿಸಿದರೆ ಎಣ್ಣೆ ತಾನೇ ಇಳಿಯುತ್ತದೆ. ಇದಕ್ಕೆ ಅದಿಲ್ಲ. ಅಮೆರಿಕದಲ್ಲಿ ಐ.ಸಿ.ಸಿ. ಎಂಬ ಸರಕಾರಿ ಆಯೋಗ ಟ್ಯಾಂಕ್ ವ್ಯಾಗನ್‌ಗಳನ್ನು ದರ್ಜೆ ಮಾಡಿದಾಗ ಆಸಿಡ್ಡಿನದಕ್ಕೆ 103ಎ ಎಂಬ ದರ್ಜೆ ಕೊಟ್ಟು, ಕೆಳಗೆ ಬಸಿಯುವ ನಲ್ಲಿ ಕೂಡದು ಅಂತ ವಿಧಿಸಿತು. ಎಣ್ಣೆಯ ನಲ್ಲಿ ಸೋರಿದರೆ ನೆಲ ಕೊಳೆಯಾಗುತ್ತದೆ. ಆಸಿಡ್ಡಿನ ನಲ್ಲಿ ಸೋರಿದರೆ ಅದನ್ನು ಮುಚ್ಚಲು ಕೆಳಗೆ ಬಗ್ಗುವವನು ಯಾರು? ಆದ್ದರಿಂದ ಎಲ್ಲ ವ್ಯವಹಾರವೂ ಮೇಲಿನಿಂದ. ಒಂದು ಕೊಳವೆಯಿಂದ ಗಾಳಿ ಒತ್ತಿದರೆ ಇನ್ನೊಂದು ಕೊಳವೆಯಿಂದ ಆಸಿಡ್ ಮೇಲೇರಿ ಹೊರಬರುತ್ತದೆ. ಬೆನ್ನ ಮೇಲಿನ ಗುಮ್ಮಟವೂ ಚಿಕ್ಕದು. ಬಿಸಿಲಿಗೆ ಎಣ್ಣೆ ಹಿಗ್ಗಿದಷ್ಟು ಆಸಿಡ್ ಹಿಗ್ಗುವುದಿಲ್ಲ, ಎಣ್ಣೆಗೆ ನೂರಕ್ಕೆ 2 ಪಾಲು ಜಾಗ ಬಿಡಬೇಕಾದರೆ ಇದಕ್ಕೆ 1 ಪಾಲು ಸಾಕು. ಆ ಗುಮ್ಮಟದ ಸುತ್ತ ಜನ ನಿಂತು ಕೆಲಸ ಮಾಡಲು ಒಂದು ಅಟ್ಟಣಿಗೆ.

ಇಷ್ಟು ತಿಳಿದ ಮೇಲೆ ನನಗೆ ಕುತೂಹಲ ಹುಟ್ಟಿದ್ದು ಬೇರೆಯದೇ ಪ್ರಶ್ನೆಗೆ. ಕಬ್ಬಿಣವನ್ನೇ ತಿಂದುಹಾಕುವ ಆಸಿಡ್ಡನ್ನು ಕಬ್ಬಿಣದ ಪೆಟ್ಟಿಗೆಯಲ್ಲಿ ಸಾಗಿಸುವ ಧೈರ್ಯ ಯಾರಿಗೆ, ಹೇಗೆ ಬಂತು?

ಮೊದಲು ಇದ್ದದ್ದು ಗಾಜು. 1736ರಲ್ಲಿ ಜೋಶುವಾ ವಾರ್ಡ್ ಎಂಬಾತ ಲಂಡನ್ ಬಳಿ ಗಂಧಕ ಮತ್ತು ಪೆಟ್ಲುಪ್ಪನ್ನು ಒಟ್ಟಿಗೆ ಸುಟ್ಟು ದೊಡ್ಡ ದೊಡ್ಡ ಗಾಜಿನ ಬುರುಡೆಗಳಲ್ಲಿ ಈ ಆಸಿಡ್ ತಯಾರಿಸುತ್ತಿದ್ದ. ಗಾಜು ಎಷ್ಟು ದೊಡ್ಡದು ಊದಬಹುದೋ ಅಷ್ಟೇ ಉತ್ಪಾದನೆ. 1746ರಲ್ಲಿ ಬರ್ಮಿಂಗ್‌ಹ್ಯಾಮಿನ ಜಾನ್ ರೋಬಕ್ ಗಾಜಿನ ಬದಲು ಸೀಸದ ತಗಡಿನ ಕೋಣೆ ಕಟ್ಟಿದ. ಸೀಸವನ್ನು ಈ ಆಸಿಡ್ ಮುಟ್ಟುವುದಿಲ್ಲ, ಸೀಸದ ಕೋಣೆಯನ್ನು ಎಷ್ಟು ದೊಡ್ಡದು ಬೇಕಾದರೂ ಕಟ್ಟಬಹುದು. ಅಲ್ಲಿಂದ ಆಸಿಡ್ ಅಗ್ಗವಾಯಿತು, ಬಟ್ಟೆ ಬಿಳುಪು ಮಾಡುವವರಿಂದ ಹಿಡಿದು ಗೊಬ್ಬರ ಮಾಡುವವರವರೆಗೆ ಎಲ್ಲರಿಗೂ ಅದು ಬೇಕಾಯಿತು. ಒಂದು ದೇಶ ಎಷ್ಟು ಗಂಧಕಾಮ್ಲ ಬಳಸುತ್ತದೆ ಎಂಬುದರಿಂದ ಅದರ ವ್ಯಾಪಾರದ ಏಳಿಗೆ ಅಳೆಯಬಹುದು ಅಂತ ಜರ್ಮನಿಯ ವಿಜ್ಞಾನಿ ಲೀಬಿಗ್ 1840ರ ದಶಕದಲ್ಲೇ ಹೇಳಿದ್ದರು. ಜಿ.ಡಿ.ಪಿ. ಎಂಬ ಲೆಕ್ಕ ಹುಟ್ಟುವ ಮೊದಲೇ ಇದ್ದ ಅಳತೆಗೋಲು ಅನ್ನಿ.

ತಯಾರಿಕೆ ದೊಡ್ಡದಾಯಿತು, ಸಾಗಾಟ ಮಾತ್ರ ಗಾಜಿನಲ್ಲೇ ಉಳಿಯಿತು. ಐವತ್ತು ಲೀಟರಿನಷ್ಟು ಹಿಡಿಯುವ ಹೊಟ್ಟೆ ದಪ್ಪದ ಗಾಜಿನ ಬುರುಡೆ, ಸುತ್ತ ಹುಲ್ಲು, ಹೊರಗೆ ಮರದ ಪೆಟ್ಟಿಗೆ ಅಥವಾ ಬೆತ್ತದ ಬುಟ್ಟಿ. ಇಂಗ್ಲಿಷಿನವರು ಇದನ್ನು ಕಾರ್ಬಾಯ್ ಅನ್ನುತ್ತಾರೆ. ಹೆಸರು ಪರ್ಷಿಯಾದಿಂದ ಬಂದದ್ದು, ಅಲ್ಲಿ ಕರಾಬಾ ಅಂದರೆ ದೊಡ್ಡ ಹೂಜಿ. ಈ ಹುಲ್ಲಿನದೇ ಒಂದು ಆಪತ್ತು. ಗಂಧಕಾಮ್ಲ ಚೆಲ್ಲಿದರೆ ಹುಲ್ಲು ಕರಕಲಾಗುತ್ತದೆ. ಗಟ್ಟಿ ನೈಟ್ರಿಕ್ ಆಸಿಡ್ ಚೆಲ್ಲಿದರೆ ಬೆಂಕಿಯೇ ಹತ್ತಿಕೊಳ್ಳಬಹುದು. (ನೈಟ್ರಿಕ್ ಆಸಿಡ್ ಬ್ಯಾಂಕಿನವರಿಗೆ ಹೊಸತಲ್ಲ. ಚಿನ್ನದ ಸಾಲದ ಕೌಂಟರಿನಲ್ಲಿ ಒರೆಗಲ್ಲಿನ ಪಕ್ಕ ಕೂತಿರುವ ಗಾಜಿನ ಬಿರಡೆಯ ಸಣ್ಣ ಸೀಸೆ ಅದೇ. ನಮ್ಮ ಒಬ್ಬ ಚಿನ್ನ ಪರೀಕ್ಷಕರು ಅದನ್ನು ಹಸುಗೂಸಿನಂತೆ ಎರಡೂ ಕೈಯಲ್ಲಿ ಎತ್ತುತ್ತಿದ್ದರು.)

ಕಾರ್ಬಾಯ್‌ಗಳನ್ನು ನಾನು ಹತ್ತಿರದಿಂದ ಕಂಡದ್ದು ಕಲ್ಯಾಣದ ಆಚೆಯ ಒಂದು ಶಾಖೆಯಲ್ಲಿದ್ದಾಗ. ಆಗ ಅವು ಪ್ಲಾಸ್ಟಿಕ್ಕಿನವಾಗಿದ್ದವು. ಸಾಲ ಪಡೆದ ಸಣ್ಣ ಕಾರ್ಖಾನೆಗಳ ಗೋದಾಮಿಗೆ ಹೋಗಿ ಸ್ಟಾಕ್ ಎಣಿಸುವುದು ನನ್ನ ಕೆಲಸ. ಅಂಥ ಒಂದು ಕಡೆ ಕಲಬುರ್ಗಿ ಕಡೆಯ ಹಿರಿಯ ಕೆಲಸಗಾರರೊಬ್ಬರಿದ್ದರು, ಮೊಣಕೈಯಿಂದ ಕೆಳಗೆ ಚರ್ಮವೆಲ್ಲ ಬಿಳಿ ಬಿಳಿ ತೇಪೆ. ನಾನು ಕನ್ನಡದವನೆಂದು ತಿಳಿದು ಪಕ್ಕಕ್ಕೆ ಕರೆದು ಹೇಳಿದರು, "ಸಾಹೇಬ್ರ, ನೀರಿಗೆ ಆಸಿಡ್ ಹಾಕ್ರಿ, ಆಸಿಡ್ಡಿಗೆ ನೀರ ಹಾಕಬ್ಯಾಡ್ರಿ. ನೀರ ಕಂಡ್ರ ಅದು ಹುಚ್ಚಾಗತೈತಿ." ಸ್ಟಾಕ್ ಸ್ಟೇಟ್‌ಮೆಂಟಿನಲ್ಲಿ ಆ ಮಾತಿಗೆ ಕಾಲಂ ಇಲ್ಲ. ಆದರೆ ಈ ಇಡೀ ಕಥೆಯ ಕೀಲಿಕೈ ಆ ಮಾತಿನಲ್ಲೇ ಇದೆ.

ಊರಲ್ಲಿ ನಮ್ಮ ಅಜ್ಜಿ ಉಪ್ಪಿನಕಾಯಿ ಭರಣಿಗೆ ಒದ್ದೆ ಸೌಟು ಹಾಕಲು ಬಿಡುತ್ತಿರಲಿಲ್ಲ. ಉಪ್ಪು ಖಾರ ಗಟ್ಟಿಯಾಗಿರುವಷ್ಟು ದಿನ ಮಾವಿನಕಾಯಿಗೆ ಏನೂ ಆಗದು, ಒಂದು ಹನಿ ನೀರು ಸೋಕಿದರೆ ಕೆಟ್ಟಿತು. ಗಂಧಕಾಮ್ಲದ ಸ್ವಭಾವವೂ ವಿಚಿತ್ರವಾಗಿ ಹಾಗೆಯೇ. ನೀರು ಬೆರೆತ ಆಸಿಡ್ ಕಬ್ಬಿಣವನ್ನು ತಿನ್ನುತ್ತದೆ. ನೂರಕ್ಕೆ 78 ಪಾಲಿಗಿಂತ ಗಟ್ಟಿಯಾದದ್ದು ಕಬ್ಬಿಣದ ಮೈಮೇಲೆ ಒಂದು ತೆಳುವಾದ ಪದರ ಕಟ್ಟಿ, ಆ ಪದರದ ಆಚೆಗೆ ತಾನೇ ದಾಟಲಾರದೆ ನಿಲ್ಲುತ್ತದೆ. ಅಂದರೆ ಹೆಚ್ಚು ಉಗ್ರವಾದ ಆಸಿಡ್ಡೇ ಸಾದಾ ಉಕ್ಕಿನ ಟ್ಯಾಂಕಿನಲ್ಲಿ ಸುಮ್ಮನಿರುತ್ತದೆ! ಬಾಡಿಗೆಯ ದೃಷ್ಟಿಯಿಂದಲೂ ಲಾಭ, ನೀರಿನ ತೂಕಕ್ಕೆ ರೈಲ್ವೆಗೆ ದುಡ್ಡು ಕೊಡಬೇಕಾಗಿಲ್ಲ.

ಅಪಾಯ ಇರುವುದು ತುಂಬಿದ ಗಾಡಿಯಲ್ಲಿ ಮಾತ್ರ ಅಂದುಕೊಳ್ಳಬೇಡಿ. ಖಾಲಿ ಮಾಡಿದ ಟ್ಯಾಂಕಿನ ಗೋಡೆಗೆ ಅಂಟಿದ ಆಸಿಡ್ ಗಾಳಿಯ ತೇವ ಹೀರಿ ತೆಳ್ಳಗಾಗುತ್ತದೆ. ತೆಳ್ಳಗಾದದ್ದು ಉಕ್ಕನ್ನು ತಿನ್ನುತ್ತದೆ, ತಿನ್ನುವಾಗ ಹೈಡ್ರೋಜನ್ ಅನಿಲ ಬಿಡುತ್ತದೆ. ಇಂಥ "ಖಾಲಿ" ಗಾಡಿಯ ಮುಚ್ಚಳ ತೆಗೆದು ಒಳಗೇನಿದೆ ಅಂತ ದೀಪ ಹಿಡಿದು ನೋಡಿದರೆ ಮುಗಿಯಿತು. ಮುಚ್ಚಳದ ಬಳಿ ಬೆಂಕಿ ತರಕೂಡದೆಂಬ ನಿಯಮದ ಹಿಂದೆ ಇರುವುದು ಈ ಕಾರಣ.

ಗಂಧಕಾಮ್ಲದ ಈ ಅನುಕೂಲ ಉಳಿದ ಆಸಿಡ್‌ಗಳಿಗಿಲ್ಲ. ಹೈಡ್ರೋಕ್ಲೋರಿಕ್ ಆಸಿಡ್ ಗಟ್ಟಿಯಿರಲಿ ತೆಳುವಿರಲಿ ಉಕ್ಕನ್ನು ಬಿಡುವುದಿಲ್ಲ. ಜರ್ಮನಿಯವರು ಇದಕ್ಕೆ ಕಂಡುಕೊಂಡ ಉಪಾಯ ನೋಡಿದರೆ ನಮ್ಮ ಅಜ್ಜಿಯಂದಿರಿಗೆ ಆಶ್ಚರ್ಯವೇ ಆಗದು. ಚಪ್ಪಟೆ ರೈಲು ಗಾಡಿಯ ಮೇಲೆ ಎರಡು ಸಾಲಾಗಿ ಹತ್ತೋ ಹನ್ನೆರಡೋ ಭಾರೀ ಪಿಂಗಾಣಿ ಭರಣಿಗಳು! ಮೇಲೆ ಮುಚ್ಚಳ, ನಡುವೆ ಮರದ ಚೌಕಟ್ಟು, ತುದಿಯಲ್ಲಿ ಬ್ರೇಕ್ ಹಾಕುವವನಿಗೆ ಗೂಡು. ಇವತ್ತಿಗೂ ಯುರೋಪಿನ ಮಾದರಿ ರೈಲಿನವರಿಗೆ ಈ ಭರಣಿ ಗಾಡಿ ಅಚ್ಚುಮೆಚ್ಚು. ನೋಡಲು ಉಪ್ಪಿನಕಾಯಿ ಮೆರವಣಿಗೆ ಹೊರಟಂತಿದೆ. ಅಸಲಿ ಗಾಡಿಯನ್ನು ಶಂಟಿಂಗ್ ಮಾಡುವವನಿಗೆ ಮಾತ್ರ ನಗು ಬಂದಿರಲಾರದು, ಒಂದು ಜೋರಾದ ಡಿಕ್ಕಿಗೆ ಭರಣಿ ಬಿರುಕು ಬಿಡಬಹುದಿತ್ತು.

ಆಮೇಲೆ ಬಂದದ್ದು ಕಲಾಯಿ. ಹುಣಸೆ ಹುಳಿ ಹಾಕುವ ತಾಮ್ರದ ಪಾತ್ರೆಗೆ ನಾವು ತವರದ ಕಲಾಯಿ ಹಾಕಿಸುವಂತೆ ಉಕ್ಕಿನ ಟ್ಯಾಂಕಿನ ಒಳಗೆ ರಬ್ಬರಿನ ಪದರ. ರಬ್ಬರನ್ನು ಉಕ್ಕಿಗೆ ಬಿಡದಂತೆ ಅಂಟಿಸುವುದೇ ಕಷ್ಟವಾಗಿತ್ತು. 1920ರ ದಶಕದಲ್ಲಿ ಅಮೆರಿಕದ ಗುಡ್‌ರಿಚ್ ಕಂಪನಿ ಅದಕ್ಕೊಂದು ವಿಧಾನ ಕಂಡುಕೊಂಡ ಮೇಲೆ ಹೈಡ್ರೋಕ್ಲೋರಿಕ್ ಆಸಿಡ್ಡಿಗೂ ಟ್ಯಾಂಕ್ ವ್ಯಾಗನ್ ಸಿಕ್ಕಿತು, ಐ.ಸಿ.ಸಿ. ಪಟ್ಟಿಯಲ್ಲಿ ಅದು 103ಬಿ. ನೈಟ್ರಿಕ್ ಆಸಿಡ್ಡಿಗೆ ಕ್ರೋಮಿಯಂ ಬೆರೆಸಿದ ಉಕ್ಕು, ತುಂಬ ಗಟ್ಟಿಯದಕ್ಕೆ ಅಲ್ಯುಮಿನಿಯಂ. ಹೀಗೆ ಒಂದೊಂದು ಆಸಿಡ್ ಯಾವುದನ್ನು ತಿನ್ನುವುದಿಲ್ಲವೋ ಅದರದೇ ಬಟ್ಟೆ ಹೊಲಿಸಿದರು.

ಇಲ್ಲಿ ಬ್ಯಾಂಕಿನವನ ತಲೆಗೆ ಒಂದು ಅನುಮಾನ ಬರಬೇಕು. ಒಂದು ಟನ್ ಗಂಧಕದಿಂದ ಸುಮಾರು ಮೂರು ಟನ್ ಆಸಿಡ್ ಆಗುತ್ತದೆ. ಗಂಧಕ ಒಣ ಸಾಮಾನು, ರಾಶಿ ಹಾಕಿ ತರಬಹುದು. ಹಾಗಿದ್ದರೆ ಮೂರು ಪಾಲು ತೂಕದ, ಕೈ ಸುಡುವ ದ್ರವವನ್ನು ಸಾಗಿಸುವ ರಗಳೆ ಯಾಕೆ? ಬೇಕಾದ ಕಡೆ ಗಂಧಕ ತರಿಸಿ ಅಲ್ಲೇ ಆಸಿಡ್ ಮಾಡಬಾರದೇ? ಬಹಳ ಮಂದಿ ಮಾಡಿದ್ದೂ ಅದನ್ನೇ. ನಮ್ಮ ಮುಂಬಯಿಯ ಪಕ್ಕದಲ್ಲೇ 1919ರಲ್ಲಿ ಸ್ಥಾಪನೆಯಾದ ಧರಮ್‌ಸಿ ಮೊರಾರ್ಜಿ ಕೆಮಿಕಲ್ ಕಂಪನಿ ಅಂಬರನಾಥದಲ್ಲಿ ಗಂಧಕಾಮ್ಲವನ್ನೂ ಅದರಿಂದಾಗುವ ಸೂಪರ್‌ಫಾಸ್ಫೇಟ್ ಗೊಬ್ಬರವನ್ನೂ ತಯಾರಿಸಿತು. ಆಸಿಡ್ ಹೊರಗೆ ಹೋಗಲೇಬೇಕಾಗಿಲ್ಲ.

ಆದರೆ ಗಂಧಕ ನಾವು ಕೊಂಡು ತಂದದ್ದಲ್ಲ, ಬೇಡ ಅಂದರೂ ಅದಿರಿನಿಂದ ಹೊಗೆಯಾಗಿ ಎದ್ದು ಬರುತ್ತಿದೆ ಅಂತಾದರೆ? ಆಗ ಲೆಕ್ಕ ತಲೆಕೆಳಗಾಗುತ್ತದೆ. ಹೊಗೆ ಏಳುವ ಜಾಗ ಗಣಿಯ ಬಾಯಿ, ಗಿರಾಕಿ ಇರುವುದು ಇನ್ನೂರು ಮುನ್ನೂರು ಕಿಲೋಮೀಟರ್ ದೂರದಲ್ಲಿ. ಟ್ಯಾಂಕ್ ವ್ಯಾಗನ್ ನಿಜವಾಗಿ ಬೇಕಾಗುವುದು ಅಲ್ಲಿ. ಅಂಥ ಒಂದು ಊರನ್ನು ನಾನು ನೋಡಿ ಬಂದಿದ್ದೇನೆ.

ಮಗ ಅಟ್ಲಾಂಟಾದಲ್ಲಿದ್ದಾನೆ. ಅಲ್ಲಿಂದ ಉತ್ತರಕ್ಕೆ ಕಾರಿನಲ್ಲಿ ಎರಡು ಗಂಟೆ ಹೋದರೆ ಬ್ಲೂ ರಿಡ್ಜ್ ಎಂಬ ಊರು, ಅಲ್ಲಿಂದ ಪ್ರವಾಸಿಗಳಿಗಾಗಿ ಓಡಿಸುವ ಒಂದು ರೈಲು. ನದಿಯ ದಂಡೆಯಲ್ಲಿ ಸಾಗಿ ಜಾರ್ಜಿಯಾ ರಾಜ್ಯದ ಮೆಕ್‌ಕೇಸ್‌ವಿಲ್ ಊರಿಗೆ ಮುಟ್ಟುತ್ತದೆ. ಊರಿನ ನಡುವೆಯೇ ರಾಜ್ಯದ ಗಡಿ. ಗೆರೆ ದಾಟಿದರೆ ಟೆನ್ನೆಸ್ಸೀ ರಾಜ್ಯದ ಕಾಪರ್‌ಹಿಲ್. ನದಿ ಕೂಡ ಅಲ್ಲಿ ಹೆಸರು ಬದಲಾಯಿಸುತ್ತದೆ, ಈಚೆ ಟೊಕೋವಾ, ಆಚೆ ಒಕೋಯಿ. ಉಳಿದವರು ಐಸ್‌ಕ್ರೀಮ್ ತಿನ್ನುತ್ತಿರುವಾಗ ನಾನು ಗೆರೆಯ ಎರಡೂ ಕಡೆ ಒಂದೊಂದು ಕಾಲಿಟ್ಟು ನಿಂತೆ. ಬೆಳಗಾವಿಯ ನೆನಪು ಬಂತು, ಬಿಡಿ, ಅದು ಬೇರೆ ವಿಷಯ.

ಕಾಪರ್‌ಹಿಲ್ ಮತ್ತು ಪಕ್ಕದ ಡಕ್‌ಟೌನ್ ಸುತ್ತ 1850ರ ದಶಕದಿಂದ ತಾಮ್ರದ ಗಣಿಗಾರಿಕೆ. ಅಲ್ಲಿನ ಅದಿರಿನಲ್ಲಿ ತಾಮ್ರದ ಜೊತೆ ಗಂಧಕ ಹೇರಳ. ಗಂಧಕ ಕಳೆಯಲು ಅವರು ಮಾಡುತ್ತಿದ್ದುದು ಇಷ್ಟೇ: ಕಾಡು ಕಡಿದು ಸೌದೆ ಪೇರಿಸಿ, ಅದರ ಮೇಲೆ ಅದಿರು ರಾಶಿ ಹಾಕಿ ಬೆಂಕಿ ಕೊಡುವುದು. ರಾಶಿ ವಾರಗಟ್ಟಲೆ ತಿಂಗಳುಗಟ್ಟಲೆ ಹೊಗೆಯಾಡುತ್ತಿತ್ತು. ಮರ ಸೌದೆಗೆ ಹೋಯಿತು, ಉಳಿದ ಹಸಿರು ಹೊಗೆಗೆ ಹೋಯಿತು, ಮಳೆಗೆ ಮಣ್ಣು ಕೊಚ್ಚಿಹೋಯಿತು. ಸುಮಾರು 50 ಚದರ ಮೈಲಿ ಕೆಂಪು ಬೋಳು ಗುಡ್ಡಗಳು.

1890ರಲ್ಲಿ ರೈಲು ಬಂದ ಮೇಲೆ ಕೆಲಸ ಇನ್ನೂ ಜೋರಾಯಿತು. ಸುತ್ತಲಿನ ರೈತರು ಕೋರ್ಟಿಗೆ ಹೋದರು. 1904ರಲ್ಲಿ ಟೆನ್ನೆಸ್ಸೀಯ ಸುಪ್ರೀಂ ಕೋರ್ಟು, ಬಡ ರೈತರ ಜಮೀನಿಗಾದ ನಷ್ಟ ಕಟ್ಟಿಕೊಡಿ, ಆದರೆ ಅದಕ್ಕಾಗಿ ಇಷ್ಟು ದೊಡ್ಡ ಉದ್ಯಮ ನಿಲ್ಲಿಸಲಾಗದು ಅಂದುಬಿಟ್ಟಿತು. ಬ್ಯಾಲೆನ್ಸ್ ಶೀಟ್ ನೋಡಿ ಕೊಟ್ಟ ತೀರ್ಪು. ನನ್ನ ಕಸುಬಿನವರು ಕೂತಿದ್ದರೂ ಅದನ್ನೇ ಬರೆಯುತ್ತಿದ್ದರೇನೋ. ಈ ಮಧ್ಯೆ ಕಂಪನಿಗಳು ಬಯಲಲ್ಲಿ ಸುಡುವುದನ್ನು ಬಿಟ್ಟು ಕುಲುಮೆ, ಎತ್ತರದ ಚಿಮಣಿ ಕಟ್ಟಿದವು. ಊರಿನ ಹೊಗೆ ಊರಿನ ಮೇಲೆ ಬೀಳುವುದು ಕಡಿಮೆಯಾಗಿ ಗಡಿ ದಾಟಿ ಜಾರ್ಜಿಯಾದ ಕಾಡು, ಹಣ್ಣಿನ ತೋಟಗಳ ಮೇಲೆ ಇಳಿಯಿತು.

ಈಗ ಫಿರ್ಯಾದಿ ರೈತನಲ್ಲ, ಇಡೀ ಒಂದು ರಾಜ್ಯ. ಜಾರ್ಜಿಯಾ ನೇರ ಅಮೆರಿಕದ ಸುಪ್ರೀಂ ಕೋರ್ಟಿಗೆ ಹೋಯಿತು. 1907ರ ಮೇ ತಿಂಗಳಲ್ಲಿ ನ್ಯಾಯಮೂರ್ತಿ ಹೋಮ್ಸ್ ತೀರ್ಪು ಬರೆದರು. ತನ್ನ ಬೆಟ್ಟಗಳು ಬೋಳಾಗಬೇಕೋ ಬೇಡವೋ, ತನ್ನ ಜನ ಶುದ್ಧ ಗಾಳಿ ಉಸಿರಾಡಬೇಕೋ ಬೇಡವೋ ಎಂಬುದರಲ್ಲಿ ರಾಜ್ಯದ ಮಾತೇ ಕೊನೆಯದು, ಇಲ್ಲಿ ಲಾಭ ನಷ್ಟ ತೂಗಿ ನೋಡುವ ಪ್ರಶ್ನೆ ಇಲ್ಲ ಎಂಬುದು ಅದರ ತಾತ್ಪರ್ಯ. ಹೊಗೆ ತಡೆಯಿರಿ, ಇಲ್ಲವೇ ಕುಲುಮೆ ಮುಚ್ಚಿರಿ.

ಹೊಗೆಯನ್ನು ತಡೆದು ಇಡುವುದಾದರೂ ಎಲ್ಲಿ? ರೋಬಕ್‌ನ ಕಾಲದಿಂದ ಬಂದ ಸೀಸದ ಕೋಣೆಗೆ ನುಗ್ಗಿಸಿದರೆ ಅದು ಆಸಿಡ್ ಆಗುತ್ತದೆ. ಟೆನ್ನೆಸ್ಸೀ ಕಾಪರ್ ಕಂಪನಿ ಅದನ್ನೇ ಮಾಡಿತು. ಇಲ್ಲಿ ಆಸಿಡ್ ತಯಾರಿಕೆಗಿಂತ ದೊಡ್ಡ ತಲೆನೋವು ಅದರ ವಿಲೇವಾರಿ. ತಾಮ್ರಕ್ಕೆ ಬೆಲೆ ಇಲ್ಲದಿದ್ದರೆ ಗೋದಾಮಿನಲ್ಲಿ ಇಟ್ಟು ಕಾಯಬಹುದು. ಆಸಿಡ್ಡಿನ ತೊಟ್ಟಿ ತುಂಬಿದ ದಿನ ಕುಲುಮೆ ಆರಿಸಬೇಕು, ಇಲ್ಲವೇ ಕೋರ್ಟಿನ ಆಜ್ಞೆ ಮೀರಿ ಹೊಗೆ ಬಿಡಬೇಕು. ಹೊಳೆಗೆ ಸುರಿಯುವಂತೆಯೂ ಇಲ್ಲ. ಇದನ್ನು ಗಾಜಿನ ಬುರುಡೆಯಲ್ಲಿ ಸಾಗಿಸುವುದಾಗಿದ್ದರೆ? ಒಂದು ಬುರುಡೆಯಲ್ಲಿ 80-90 ಕಿಲೋ, ಅಂದರೆ ಒಂದು ವ್ಯಾಗನ್ನಿನ 50 ಟನ್ನಿಗೆ ಹತ್ತಿರ ಹತ್ತಿರ ಆರುನೂರು ಬುರುಡೆ, ಅಷ್ಟನ್ನೂ ಕೈಯಿಂದ ಎತ್ತಿ ಇಳಿಸಬೇಕು. ನನ್ನ ದೃಷ್ಟಿಯಲ್ಲಿ ಹೋಮ್ಸರ ತೀರ್ಪನ್ನು ಜಾರಿಗೆ ತಂದದ್ದು ಕೋರ್ಟಿನ ಅಮೀನನಲ್ಲ, ಈ ಗಿಡ್ಡ ಹೊಟ್ಟೆಯ ಉಕ್ಕಿನ ವ್ಯಾಗನ್. ಅದಿಲ್ಲದಿದ್ದರೆ ಗಣಿ ಉಳಿಯುತ್ತಿತ್ತು ಅಥವಾ ಕಾಡು ಉಳಿಯುತ್ತಿತ್ತು, ಎರಡೂ ಸಾಧ್ಯವಿರಲಿಲ್ಲ.

ಗಿರಾಕಿ ಯಾರು ಗೊತ್ತೇ? ಮುಖ್ಯವಾಗಿ ಗೊಬ್ಬರದ ಕಾರ್ಖಾನೆಗಳು. ಫಾಸ್ಫೇಟ್ ಕಲ್ಲಿಗೆ ಗಂಧಕಾಮ್ಲ ಬೆರೆಸಿದರೆ ಸೂಪರ್‌ಫಾಸ್ಫೇಟ್. ಜಾರ್ಜಿಯಾದ ಹತ್ತಿ ಹೊಲಗಳಿಗೆ ಅದು ಬೇಕೇ ಬೇಕು. ಯಾವ ರಾಜ್ಯ ಹೊಗೆಯ ಮೇಲೆ ದಾವೆ ಹೂಡಿತ್ತೋ ಅದೇ ರಾಜ್ಯ ಆ ಹೊಗೆಯನ್ನು ವ್ಯಾಗನ್ ಲೆಕ್ಕದಲ್ಲಿ ಕೊಳ್ಳತೊಡಗಿತು! ಬರಬರುತ್ತಾ ತಾಮ್ರಕ್ಕಿಂತ ಆಸಿಡ್ಡೇ ಆ ಕಣಿವೆಯ ಮುಖ್ಯ ಕಸುಬಾಯಿತು. ಈ ಕಥೆಯನ್ನು ಎಲ್ಲರೂ ಸುಖಾಂತವಾಗಿ ಹೇಳುತ್ತಾರೆ. ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಹಣ್ಣಿನ ತೋಟ ಕಳೆದುಕೊಂಡವನು ಬೆಟ್ಟದ ರೈತ, ಅಗ್ಗದ ಗೊಬ್ಬರ ಸಿಕ್ಕಿದ್ದು ಬಯಲಿನ ಹತ್ತಿ ಬೆಳೆಗಾರನಿಗೆ. ಖಾತೆ ಒಂದೇ ರಾಜ್ಯದ್ದು, ಜಮಾ ಒಬ್ಬನಿಗೆ, ಖರ್ಚು ಇನ್ನೊಬ್ಬನಿಗೆ.

ಇನ್ನೊಂದು ಕಂಪನಿ, ಡಕ್‌ಟೌನ್ ಸಲ್ಫರ್ ಕಾಪರ್ ಅಂಡ್ ಐರನ್, ಅಷ್ಟು ಬೇಗ ಬಗ್ಗಲಿಲ್ಲ. 1915ರಲ್ಲಿ ಸುಪ್ರೀಂ ಕೋರ್ಟೇ ಮತ್ತೆ ಮಿತಿ ಹಾಕಿತು. ಬೆಳೆ ಇರುವ ಏಪ್ರಿಲ್‌ನಿಂದ ಸೆಪ್ಟೆಂಬರ್ ಕೊನೆಯವರೆಗೆ ದಿನಕ್ಕೆ 20 ಟನ್ನಿಗಿಂತ ಹೆಚ್ಚು ಗಂಧಕ ಗಾಳಿಗೆ ಬಿಡಕೂಡದು, ಉಳಿದ ತಿಂಗಳಲ್ಲಿ 40 ಟನ್. ನ್ಯಾಯಾಧೀಶರು ಗಾಳಿಗೆ ಓವರ್‌ಡ್ರಾಫ್ಟ್ ಲಿಮಿಟ್ ನಿಗದಿ ಮಾಡಿದ್ದನ್ನು ನಾನು ಕಂಡದ್ದು ಇದೊಂದೇ ಕಡೆ.

ಆಸಿಡ್ ಹೊತ್ತ ಗಾಡಿಗಳು ಹೋಗುತ್ತಿದ್ದ ದಾರಿಯೂ ಸಾಮಾನ್ಯದ್ದಲ್ಲ. ಲೂಯಿವಿಲ್ ಅಂಡ್ ನ್ಯಾಶ್‌ವಿಲ್ ರೈಲ್ವೆಯ ಹಳೆ ಮಾರ್ಗ ಅದು. ಕಾಪರ್‌ಹಿಲ್ಲಿನಿಂದ ಉತ್ತರಕ್ಕೆ ಹೈವಾಸ್ಸೀ ನದಿಯ ಕಣಿವೆಗೆ ಇಳಿಯುವಾಗ ಹಳಿ ಒಂದು ಗುಡ್ಡವನ್ನು ಸುತ್ತು ಹಾಕಿ, ಸೇತುವೆಯ ಕೆಳಗೆ ತನ್ನನ್ನೇ ತಾನು ದಾಟುತ್ತದೆ. 1898ರಲ್ಲಿ ಕಟ್ಟಿದ್ದು. ದಕ್ಷಿಣದಲ್ಲಿ ಇನ್ನೊಂದು ಕಡಿದಾದ ತಿರುವು. ಎರಡನ್ನೂ ಸೇರಿಸಿ ಜನ ಈ ದಾರಿಗೆ ಇಟ್ಟ ಅಡ್ಡಹೆಸರು ನಮ್ಮ ದರ್ಜಿಗಳ ಬಾಯಲ್ಲಿ ಇರುವಂಥದ್ದೇ: ಹುಕ್ಕು ಮತ್ತು ಕಣ್ಣು. 1906ರಲ್ಲಿ ಪಶ್ಚಿಮಕ್ಕೆ ಸಮತಟ್ಟಾದ ಹೊಸ ದಾರಿ ಆದ ಮೇಲೆ ದೊಡ್ಡ ರೈಲುಗಳೆಲ್ಲ ಅತ್ತ ಹೋದವು, ಹಳೆ ದಾರಿಯನ್ನು ಜೀವಂತ ಇಟ್ಟದ್ದು ಗಣಿಯ ಮತ್ತು ಆಸಿಡ್ಡಿನ ಸರಕು. ಮಾದರಿ ರೈಲಿನವರು ಆ ಗುಡ್ಡ, ಆ ಸುತ್ತು, ಅದರ ಮೇಲೆ ಕಪ್ಪು ಗಿಡ್ಡ ಟ್ಯಾಂಕುಗಳ ಸಾಲು ಎಲ್ಲವನ್ನೂ ಮೇಜಿನ ಮೇಲೆ ಕಟ್ಟಲು ಆಸೆಪಡುವುದರಲ್ಲಿ ಆಶ್ಚರ್ಯವಿಲ್ಲ. ಕೆಂಪು ಬೋಳು ನೆಲ ಮಾಡುವುದು ಅವರಿಗೆ ಸುಲಭವಂತೆ, ಮರ ಅಂಟಿಸುವ ಕೆಲಸವಿಲ್ಲ.

ಅಸಲಿ ನೆಲದಲ್ಲಿ ಮರ ನೆಡುವುದು ಅಷ್ಟು ಸುಲಭವಾಗಲಿಲ್ಲ. ಮೇಲ್ಮಣ್ಣೇ ಇಲ್ಲದ ಕಡೆ ಬೇರು ಹಿಡಿಯುವುದೆಲ್ಲಿ? 1930ರ ದಶಕದಿಂದ ಸರಕಾರದ ಸಂಸ್ಥೆಗಳೂ ಕಂಪನಿಯೂ ನೆಡುತ್ತ ಬಂದರೂ ಹಸಿರು ಮುಚ್ಚಿಕೊಳ್ಳಲು ಅರ್ಧ ಶತಮಾನಕ್ಕಿಂತ ಹೆಚ್ಚು ಹಿಡಿಯಿತು. 1987ರಲ್ಲಿ ಗಣಿ ಮುಚ್ಚಿತು. ಆಮೇಲೂ ಕೆಲವು ವರ್ಷ ಕಾಪರ್‌ಹಿಲ್ಲಿನಲ್ಲಿ ಆಸಿಡ್ ಆಗುತ್ತಲೇ ಇತ್ತು, ಅದಕ್ಕೆ ಬೇಕಾದ ಗಂಧಕವನ್ನು ಹೊರಗಿನಿಂದ ತರಿಸಿ! ಹೊಗೆಯಿಂದ ಪಾರಾಗಲು ಕಟ್ಟಿದ ಕಾರ್ಖಾನೆ, ಹೊಗೆ ನಿಂತ ಮೇಲೂ ಅಭ್ಯಾಸಬಲದಿಂದ ಓಡಿತು. 2000ನೇ ಇಸವಿಯ ಸುಮಾರಿಗೆ ಅದೂ ನಿಂತಿತು, ಅದರ ಬೆನ್ನಿಗೇ ಆಸಿಡ್ ರೈಲೂ ನಿಂತಿತು. ನಾವು ಹೋದ ದಿನ ಪ್ರವಾಸಿ ರೈಲು ಮೆಕ್‌ಕೇಸ್‌ವಿಲ್ಲಿನಲ್ಲಿ ಎರಡು ಗಂಟೆ ನಿಂತು, ಗಡಿಯ ಆಚೆಗೆ ಹೋಗದೆ, ಬಂದ ದಾರಿಯಲ್ಲೇ ಹಿಂದಿರುಗಿತು. ಕಿಟಕಿಯ ಹೊರಗೆ ಉದ್ದಕ್ಕೂ ಪೈನ್ ಮರಗಳು.